ಅಬ್ಬಬ್ಬಾ ಆಂಟಿಯ ಪೆನ್ಸಿಲ್ ಗೆರೆಗಳು

ಲೈಬ್ರರಿಯ ಶನಿವಾರದ ಓದುಕೂಟದಲ್ಲಿ ಐತಿಹಾಸಿಕ ಕಾದಂಬರಿಯ ರಾಣಿಯರು ಏನೇ ಮಾಡಲಿ, ಮೊದಲು ಗಾಬರಿಯಾಗುವವರು ಟೈಲರ್ ಆಂಟಿ. ಅದಕ್ಕೇ ಅವರಿಗೆ ‘ಅಬ್ಬಬ್ಬಾ ಆಂಟಿ’ ಎಂದು ಹೆಸರು ಬಿದ್ದಿದೆ. ರಾಣಿ ಕುದುರೆ ಹತ್ತಿದರೆ ಬಾಯಿಗೆ ಕೈ, ಕತ್ತಿ ಹಿರಿದರೆ ಎದೆಗೆ ಕೈ, ಮಂತ್ರಿಯನ್ನು ಗದರಿದರಂತೂ ಆಂಟಿಯ ಕುರ್ಚಿಯೇ ಹಿಂದಕ್ಕೆ ಜರುಗುತ್ತದೆ. “ಅಬ್ಬಬ್ಬಾ, ಗಂಡನ ಮುಖದ ಮೇಲೇ ಕೋಟೆ ಬಾಗಿಲು ಹಾಕ್ಕೊಂಡ್ಳಲ್ರೀ, ಇವಳೇನು ಹೆಣ್ಣಾ ಹೆಮ್ಮಾರಿನಾ,” ಎಂದು ಹೌಹಾರಿ, ಮುಂದಿನ ವಾರಕ್ಕೆ ಅದಕ್ಕಿಂತ ಜೋರಿನ ರಾಣಿಯನ್ನೇ ಹುಡುಕಿ ಒಯ್ಯುತ್ತಾರೆ. ಕೂಟದ ಮೇಷ್ಟರು “ಎಂಥ ಧೀರೆ ನೋಡಿ,” ಎಂದು ಹೊಗಳಿದರೆ, “ಧೀರೆ ಸರಿ ಮೇಷ್ಟ್ರೇ, ಆಮೇಲೆ ಮನೆಗೆ ಹೋಗ್ಬೇಕಲ್ಲ,” ಎನ್ನುತ್ತಾರೆ; ಎಲ್ಲರೂ ನಗುತ್ತಾರೆ. ಓದಿದಲ್ಲಿಗೆ ಅಳತೆಯ ಟೇಪು ಸಿಕ್ಕಿಸಿ, ಬೆಚ್ಚಿದಲ್ಲೆಲ್ಲ ಕಿವಿಯ ಸಂದಿಯ ಪೆನ್ಸಿಲಿನಿಂದ ಗೆರೆ ಎಳೆಯುವುದು ಅವರ ರೂಢಿ. ಅದನ್ನು ಅಳಿಸುವುದು ಲೈಬ್ರರಿ ಮೇಡಂ ಪಾಲಿನ ಸೋಮವಾರದ ಕೆಲಸ. “ಆಂಟಿ, ಇದು ಲೈಬ್ರರಿ ಪುಸ್ತಕ, ಹೊಲಿಯೋಕೆ ಕೊಟ್ಟ ಬಟ್ಟೆ ಅಲ್ಲ,” ಎಂದರೆ, “ಗುರುತು ಹಾಕ್ದೆ ನಂಗೆ ಕೈ ಓಡಲ್ಲಮ್ಮ,” ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಸೋಮವಾರ ಕೆಲಸ ಕಡಿಮೆಯಿತ್ತು. ರಬ್ಬರ್ ಹಿಡಿದು ಕೂತ ಮೇಡಂ ಗೆರೆ ಬಿದ್ದ ಸಾಲುಗಳನ್ನು ಮೊದಲ ಸಲ ಓದಿದರು. ಕುದುರೆಗೆ ಗೆರೆಯಿರಲಿಲ್ಲ, ಕತ್ತಿಗೂ ಇರಲಿಲ್ಲ. ರಾಣಿ ತನ್ನ ಗಂಡನಿಗೆ ‘ಆಗುವುದಿಲ್ಲ’ ಎಂದ ಕಡೆಯಲ್ಲೆಲ್ಲ ಇತ್ತು. ಮೇಡಂ ಒಂದೊಂದಾಗಿ ಅಳಿಸುತ್ತ ಹೋದರು. ಕೋಟೆ ಬಾಗಿಲು ಹಾಕಿದ ಪುಟದ ಅಂಚಿನಲ್ಲಿ, ಗಿರಾಕಿಯ ಅಳತೆ ಬರೆದುಕೊಳ್ಳುವಂಥ ಪುಟ್ಟ ಅಕ್ಷರಗಳಲ್ಲಿ ಆಂಟಿ ಕೇಳಿದ್ದ ಒಂದು ಪ್ರಶ್ನೆಯನ್ನು ಅಳಿಸಲು ಮಾತ್ರ ಅವರಿಗೆ ಕೈ ಏಳಲಿಲ್ಲ: ‘ಇಷ್ಟಾದ್ಮೇಲೂ ಅವನು ಹೊಡೀಲಿಲ್ವಾ?’