ಬೀಗ ಬಿದ್ದ ನಲ್ಲಿ

ಮೆಂತ್ಯದ ಸೊಪ್ಪು ಬಿಡಿಸಲು ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಬೇರಿಗೆ ಮಣ್ಣು ಹಾಗೇ ಮೆತ್ತಿಕೊಂಡಿರುವ ಕಟ್ಟು ಸಿಕ್ಕಿದರಂತೂ ಮುಗಿಯಿತು. ಆ ಕಹಿ ವಾಸನೆಗೆ ಹಸಿ ಮಣ್ಣಿನದೂ ಸೇರಿ ಮೂಗಿಗೆ ಬಂತೆಂದರೆ ನಾನು ನಮ್ಮ ಅಡುಗೆಮನೆಯಲ್ಲಿರುವುದಿಲ್ಲ. ದೆಹಲಿಯ ದ್ವಾರಕಾದಲ್ಲಿದ್ದ ನಮ್ಮ ಹಳೆಯ ವಸತಿ ಸೊಸೈಟಿಯ ಹಿಂದೆ, ಜನವರಿಯ ಮಂಜಿನಲ್ಲಿ, ಗಂಡನ ಸ್ವೆಟರ್ ತೊಟ್ಟು ನಿಂತಿರುತ್ತೇನೆ. ನಿನ್ನೆಯೂ ಹಾಗೇ ಆಗಿ ಒಲೆಯ ಮೇಲಿನ ಬೇಳೆ ತಳ ಹಿಡಿಯಿತು.

ದ್ವಾರಕಾಕ್ಕೆ ಮೆಟ್ರೋ ಇನ್ನೂ ಬಂದಿರದ ಕಾಲ ಅದು. ಸೊಸೈಟಿಯ ಹಿಂದೆ ಪಾರ್ಕಿಗೆಂದು ಬಿಟ್ಟ ಜಾಗದಲ್ಲಿ ಕಳೆ ಬೆಳೆದಿತ್ತು. ಪಾರ್ಕ್ ಆಗುವ ಲಕ್ಷಣ ಕಾಣದೆ ನಾವು ಕೆಲವು ಮನೆಗಳವರು ಹಗ್ಗ ಹಿಡಿದು ಅದನ್ನು ಪಾಲು ಮಾಡಿಕೊಂಡು ತರಕಾರಿ ಹಾಕಿದೆವು. ಎಲ್ಲರೂ ಬ್ಯಾಂಕಿನವರು, ನಿವೃತ್ತ ಅಧಿಕಾರಿಗಳು. ಗುದ್ದಲಿ ಹಿಡಿದು ಗೊತ್ತಿದ್ದವರು ಕಡಿಮೆ. ನಮ್ಮ ಮೊದಲ ಮೂಲಂಗಿ ಪೆನ್ಸಿಲ್ಲಿಗಿಂತ ದಪ್ಪವಾಗಲಿಲ್ಲ. ಆದರೂ ನನ್ನ ಗಂಡ ಅದನ್ನು ತಟ್ಟೆಯಲ್ಲಿಟ್ಟು ಮನೆಗೆ ಬಂದವರಿಗೆಲ್ಲ ತೋರಿಸಿದರು. ನೀವು ಆಗ ಬಂದಿದ್ದರೆ ನಿಮಗೂ ತೋರಿಸುತ್ತಿದ್ದರು, ತಿನ್ನಲು ಮಾತ್ರ ಕೊಡುತ್ತಿರಲಿಲ್ಲ.

ನಮ್ಮ ಪಾತಿಯ ಪಕ್ಕದ್ದು ಜುಬೇದಾ ಮೇಡಂ ಅವರದು. ಮೈಸೂರಿನವರು. ದೆಹಲಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿ, ಎರಡನೆಯ ಮಹಡಿಯಲ್ಲಿ ಒಬ್ಬರೇ ಇದ್ದರು. ಇಡೀ ಬ್ಲಾಕಿನಲ್ಲಿ ಮನೆಯಾಚೆ ನನಗೆ ಕನ್ನಡ ಮಾತಾಡಲು ಇದ್ದದ್ದು ಅವರೊಬ್ಬರೇ. ತಂಗಿಯಿಂದ ಅವರೆ ಬೀಜ ತರಿಸಿ, ಬಿದಿರಿನ ಚಪ್ಪರ ಕಟ್ಟಿ ಬಳ್ಳಿ ಹಬ್ಬಿಸಿದ್ದರು. ದೆಹಲಿಯಲ್ಲಿ ಸಿಗುವ 'ಸೇಮ್' ಅವರ ಲೆಕ್ಕದಲ್ಲಿ ಅವರೆಯೇ ಅಲ್ಲ. "ಸೊಗಡಿಲ್ಲದ್ದು ಎಂಥ ಅವರೆಕಾಯಮ್ಮ? ನೋಡ್ತಿರು, ಸಂಕ್ರಾಂತಿಗೆ ನಿನಗೆ ಹಿತಕಿದ ಬೇಳೆ ಸಾರು ನಮ್ಮನೇಲಿ," ಎಂದಿದ್ದರು. ನಾನು ದಿನಾ ಹೋಗಿ ಕಾಯಿ ತುಂಬಿದೆಯೇ ಎಂದು ಮುಟ್ಟಿ ನೋಡುತ್ತಿದ್ದೆ.

ಆ ಚಳಿಗಾಲದಲ್ಲಿ ಮೊದಲು ಹೋದದ್ದು ಹೂಕೋಸು. ಬೆಳಿಗ್ಗೆ ನೋಡಿದರೆ ಒಳ್ಳೊಳ್ಳೆಯವನ್ನೇ ಆರಿಸಿ ಯಾರೋ ಕೊಯ್ದುಕೊಂಡು ಹೋಗಿದ್ದರು. ಎಲ್ಲರೂ ಬೈದುಕೊಂಡರು, ಮರೆತರು. ಆಮೇಲೆ ನಡೆದದ್ದು ಬೇರೆ ಥರ. ಒಂದು ಮುಂಜಾನೆ ಯಾರದೋ ಪಾಲಕ್ ಬೇರುಸಹಿತ ಕಿತ್ತುಬಂದಿತ್ತು. ಮತ್ತೊಂದು ದಿನ ನಮ್ಮ ಬಟಾಣಿ. ಸಂಕ್ರಾಂತಿಯ ಹತ್ತಿರದಲ್ಲಿ ಜುಬೇದಾ ಮೇಡಂ ಅವರ ಚಪ್ಪರ ನೆಲಕ್ಕೆ ಬಿದ್ದು, ಅವರೆ ಬಳ್ಳಿಗಳೆಲ್ಲ ಬುಡಸಮೇತ ಹೊರಗಿದ್ದವು. ಒಂದು ಕಾಯಿಯನ್ನೂ ಒಯ್ದಿರಲಿಲ್ಲ. ಬೇರೆಲ್ಲ ಒಂದೇ ಕಡೆಗೆ ಬರುವಂತೆ ಬಳ್ಳಿಗಳನ್ನು ಸಾಲಾಗಿ ಬದುವಿನ ಮೇಲೆ ಮಲಗಿಸಿದ್ದರು. ಆ ಅಚ್ಚುಕಟ್ಟೇ ನನ್ನನ್ನು ಹೆಚ್ಚು ಹೆದರಿಸಿತು. ಮೇಡಂ ಕೂತು, ಬಾಡಿದ ಒಂದು ಕಾಯಿಯನ್ನು ಬಿಡಿಸಿ ಮೂಸಿ ಕೆಳಗಿಟ್ಟರು.

"ಯೇ ಚೋರಿ ನಹೀಂ, ಧಮಕಿ ಹೈ," ಎಂದರು ಸೊಸೈಟಿಯ ಸೆಕ್ರೆಟರಿ. ಕಳ್ಳತನವಲ್ಲ, ಬೆದರಿಕೆ. ಧಮಕಿ ಹಾಕಿದವರು ಯಾರೆಂದು ಅವರಿಗೆ ಅನುಮಾನವೇ ಇರಲಿಲ್ಲ. ಪಕ್ಕದಲ್ಲಿ ಇನ್ನೊಂದು ಕಟ್ಟಡ ಏಳುತ್ತಿತ್ತು. ಅಲ್ಲಿ ಕೆಲಸ ಮಾಡುವವರು ತಗಡಿನ ಗುಡಿಸಲುಗಳಲ್ಲಿದ್ದರು. ಕಾಂಪೌಂಡಿನ ಗೋಡೆ ಒಂದು ಕಡೆ ಒಡೆದಿದ್ದರಿಂದ ಅವರ ಹೆಂಗಸರು ಒಳಗೆ ಬಂದು ತೋಟದ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದರು. ಅವರಲ್ಲಿ ಫೂಲ್ವತಿ ಎಂಬ ಹುಡುಗಿಯಂಥ ಹೆಂಗಸು, ಸೊಂಟದ ಮೇಲೆ ಕೂಸು, ತಲೆಯ ಮೇಲೆ ಕೊಡ, ನಮ್ಮ ಪಾತಿಗಳ ನಡುವೆ ಒಂದು ಎಲೆಯನ್ನೂ ತುಳಿಯದೆ ನಡೆಯುತ್ತಿದ್ದಳು. ಸೆಕ್ರೆಟರಿ ಗೋಡೆಯ ಒಡಕು ಮುಚ್ಚಿಸಿ ನಲ್ಲಿಗೆ ಬೀಗ ಹಾಕಿಸಿದರು. ಮಾರನೆಯ ದಿನದಿಂದ ಫೂಲ್ವತಿ ನೀರಿಗೆ ಲಾರಿಗಳು ಓಡಾಡುವ ದೊಡ್ಡ ರಸ್ತೆ ದಾಟಬೇಕಾಯಿತು, ಕೂಸನ್ನು ಹೊತ್ತುಕೊಂಡೇ.

ಬೀಗ ಬಿದ್ದ ಮೇಲೂ ಗಿಡ ಕೀಳುವುದು ನಿಲ್ಲಲಿಲ್ಲ. ಆಗ ಜುಬೇದಾ ಮೇಡಂ, "ನಾಳೆ ನಸುಕಿನಲ್ಲಿ ಹೋಗಿ ಕೂರ್ತೀನಿ, ಬರ್ತೀಯಾ?" ಎಂದರು. ನಾನು ಧೈರ್ಯವಂತೆಯಲ್ಲ; ಇಲ್ಲ ಎನ್ನಲು ನಾಚಿಕೆಯಾಗಿ ಹೋದೆ. ಕೈಯಲ್ಲಿ ಒಂದು ಲಟ್ಟಣಿಗೆ ಹಿಡಿದಿದ್ದೆ ಎಂದರೆ ನಿಮಗೆ ನಗು ಬರಬಹುದು.

ಮಂಜಿನಲ್ಲಿ ಮೊದಲು ಕೇಳಿದ್ದು ಬೇರು ಕಿತ್ತುಬರುವ ಸದ್ದು. ಹತ್ತಿರ ಹೋದೆವು. ಇಸ್ತ್ರಿ ಮಾಡಿದ ಕೋಟು ತೊಟ್ಟು, ಮಂಕಿ ಕ್ಯಾಪ್ ಹಾಕಿ, ಕುಕ್ಕುರುಗಾಲಿನಲ್ಲಿ ಕೂತು ಗಿಡ ಕೀಳುತ್ತಿದ್ದವರು ನಮ್ಮ ಬ್ಲಾಕಿನ ಸೇಠಿ ಸಾಹೇಬರು. ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಸೊಸೈಟಿಯ ಧ್ವಜ ಹಾರಿಸಲು ಕರೆಯುತ್ತಿದ್ದದ್ದು ಅವರನ್ನೇ. ನಮ್ಮನ್ನು ಕಂಡು ಅವರು ಗಾಬರಿಯಾಗಲಿಲ್ಲ.

"ಆಯಿಯೇ, ಆಯಿಯೇ," ಎಂದರು. "ಘಾಸ್ ಬಹುತ್ ಹೋ ಗಯೀ ಥೀ. ಬಾವೂಜೀ ದೇಖೇಂಗೇ ತೋ ಡಾಂಟೇಂಗೇ."

ಹುಲ್ಲು ಬೆಳೆದುಬಿಟ್ಟಿದೆ, ಅಪ್ಪ ನೋಡಿದರೆ ಬಯ್ಯುತ್ತಾರೆ. ಎಪ್ಪತ್ತು ದಾಟಿದ ಮನುಷ್ಯ ಹೇಳಿದ ಮಾತಿದು. ಹೇಳುತ್ತಲೇ ಕಿತ್ತದ್ದನ್ನು ಬದುವಿನ ಮೇಲೆ, ಬೇರೆಲ್ಲ ಒಂದೇ ಕಡೆಗೆ ಬರುವಂತೆ, ಜೋಡಿಸಿದರು. ನನ್ನ ಕೈಯ ಲಟ್ಟಣಿಗೆಯನ್ನು ಶಾಲಿನೊಳಗೆ ಮುಚ್ಚಿಕೊಂಡೆ.

ಅಷ್ಟರಲ್ಲಿ ಅವರ ಹೆಂಡತಿ, ಸೇಠಿ ಆಂಟಿ, ಬರಿಗಾಲಲ್ಲಿ ಓಡಿ ಬಂದರು. ನಮ್ಮನ್ನು ನೋಡಿ ಅಲ್ಲೇ ನಿಂತುಬಿಟ್ಟರು. ಆಮೇಲೆ ಮೇಡಂ ಕೈ ಹಿಡಿದುಕೊಂಡು, "ಬೆಹನ್‌ಜೀ, ಕಿಸೀಕೋ ಮತ್ ಬತಾನಾ. ಲೋಗ್ ಇನ್ಹೇಂ ಪಾಗಲ್ ಕಹೇಂಗೇ," ಎಂದು ಅತ್ತರು. ಜನ ಇವರನ್ನು ಹುಚ್ಚ ಅನ್ನುತ್ತಾರೆ ಎಂಬ ಭಯ ಅವರಿಗೆ. ಯಾರಿಗೂ ಹೇಳುವುದಿಲ್ಲ ಎಂದು ಮೇಡಂ ಮಾತು ಕೊಟ್ಟರು. ಅವರ ಹಿಂದೆ ನಿಂತಿದ್ದ ನಾನೂ ತಲೆಯಾಡಿಸಿದೆ.

ಕೊಟ್ಟ ಮಾತು ಎಷ್ಟು ಭಾರವೆಂದು ಆಮೇಲೆ ಗೊತ್ತಾಯಿತು. ನಲ್ಲಿಗೆ ಬೀಗ ಇದ್ದೇ ಇತ್ತು. ತಗಡಿನ ಗುಡಿಸಲಿನವರು ಕಳ್ಳರೇ ಆಗಿದ್ದರು. ಮೇಡಂ ದಿನವೂ ತಮ್ಮ ಮನೆಯಿಂದ ಕ್ಯಾನಿನಲ್ಲಿ ನೀರು ತುಂಬಿ, ಎರಡು ಮಹಡಿ ಇಳಿಸಿ, ಗೋಡೆಯ ಮೇಲಿಂದ ಫೂಲ್ವತಿಗೆ ದಾಟಿಸತೊಡಗಿದರು. ಮಂಡಿನೋವಿನ ಹೆಂಗಸು. ನಾನೂ ಒಂದು ಕ್ಯಾನ್ ಹಿಡಿದೆ. "ಸತ್ಯ ಹೇಳಿದರೆ ಸೇಠಿಯವರ ಹೆಂಡತಿ ಸಾಯ್ತಾಳೆ, ಹೇಳದಿದ್ದರೆ ಈ ಫೂಲ್ವತಿ. ಇಷ್ಟು ವರ್ಷ ಇತಿಹಾಸ ಪಾಠ ಮಾಡಿದೆ ಕಣಮ್ಮ, ಇದಕ್ಕೆ ಉತ್ತರ ಗೊತ್ತಿಲ್ಲ," ಎಂದರು ಒಮ್ಮೆ, ಮೆಟ್ಟಿಲ ಮೇಲೆ ಸುಧಾರಿಸಿಕೊಳ್ಳುತ್ತಾ.

ಕಳ್ಳರಿಗೆ ನೀರು ಕೊಡುತ್ತಿದ್ದಾರೆಂದು ದೂರು ಹೋಗಿ, ಭಾನುವಾರ ಸಭೆ ಸೇರಿತು. ಬಿಸಿಲಿಗೆ ಕುರ್ಚಿ ಹಾಕಿದ್ದರು. ಸೇಠಿ ಆಂಟಿ ಹಿಂದಿನ ಸಾಲಿನಲ್ಲಿದ್ದರು. ಮೇಡಂ ಎದ್ದು, ಗಿಡ ಕಿತ್ತವರು ಆ ಜನ ಅಲ್ಲ, ನಾನು ಕಣ್ಣಾರೆ ನೋಡಿದ್ದೇನೆ, ನಲ್ಲಿ ಬಿಡಿ ಎಂದರು.

"ತೋ ನಾಮ್ ಬತಾಯಿಯೇ," ಎಂದರು ಸೆಕ್ರೆಟರಿ.

"ಹೆಸರು ಹೇಳುವುದಿಲ್ಲ."

ಹೆಸರು ಹೇಳದಿದ್ದರೆ ನಂಬುವುದು ಹೇಗೆ ಎಂದು ಗದ್ದಲ ಎದ್ದಿತು. ಯಾರೋ ಹಿಂದಿನಿಂದ, "ಇವರಿಗೆ ಅಂಥವರ ಮೇಲೆ ಪ್ರೀತಿ ಇರಲೇಬೇಕಲ್ಲ, ತಮ್ಮವರೇ ಇರಬೇಕು," ಎಂದರು. ಆ ಮಾತಿನ ಅರ್ಥ ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಮೇಡಂ ಮುಖ ಕೆಂಪಾಯಿತು. ಅವರು ತಿರುಗಿ ನೋಡಲಿಲ್ಲ, ಕೂರಲೂ ಇಲ್ಲ. ನನಗೆ ಎದ್ದು ಕೂಗಿಬಿಡಬೇಕು ಅನ್ನಿಸಿತು. ನನ್ನ ತವಕ ಅರಿತವರಂತೆ ಅವರು ಕೈಯನ್ನು ನನ್ನ ಭುಜದ ಮೇಲಿಟ್ಟು ಅದುಮಿದರು.

ಕುರ್ಚಿ ಸರಿದ ಸದ್ದಾಯಿತು. ಸೇಠಿ ಆಂಟಿ ಎದ್ದು ನಿಂತಿದ್ದರು.

"ಮೇರೇ ಪತಿ ನೇ ಕಿಯಾ ಹೈ," ಎಂದರು. ನನ್ನ ಗಂಡ ಮಾಡಿದ್ದು. "ಅವರಿಗೆ ಈಗ ನಾನು ಯಾರೆಂದೂ ಒಮ್ಮೊಮ್ಮೆ ತಿಳಿಯೋದಿಲ್ಲ. ಅವರು ಬೆಳೆದದ್ದು ಹೊಲದಲ್ಲಿ. ಈಗ ಮತ್ತೆ ಅಲ್ಲಿಗೆ ಹೋಗಿದ್ದಾರೆ. ಬೈಯೋದಿದ್ದರೆ ನನ್ನನ್ನ ಬೈಯಿರಿ, ಬೆಹನ್‌ಜೀಯನ್ನ ಅಲ್ಲ."

ಯಾರೂ ಬೈಯಲಿಲ್ಲ. ಯಾರೂ ಕ್ಷಮೆ ಕೇಳಲೂ ಇಲ್ಲ, ಮೇಡಂ ಅವರನ್ನಾಗಲೀ ಗೋಡೆಯಾಚೆಯವರನ್ನಾಗಲೀ. ಸೆಕ್ರೆಟರಿ ಜೇಬಿನಿಂದ ಕೀಲಿ ತೆಗೆದು ಕಾವಲಿನವನ ಕೈಗಿತ್ತು, ಗೋಡೆಯ ಒಡಕನ್ನೂ ಬಿಡಿಸಲು ಹೇಳಿದರು. ಜನ ತಮ್ಮ ತಮ್ಮ ಕುರ್ಚಿ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಜುಬೇದಾ ಮೇಡಂ ಅವರೆಯ ಜಾಗವನ್ನು ಅಗೆದು ಹದಮಾಡಿ ಮೆಂತ್ಯವನ್ನು ಒತ್ತಾಗಿ ಚೆಲ್ಲಿದರು. ಅದು ಗೇಣುದ್ದ ಬೆಳೆದಾಗ ಹೋಗಿ ಸೇಠಿ ಸಾಹೇಬರನ್ನು ಕರೆತಂದು, "ಭಾಯಿಸಾಬ್, ಇಲ್ಲಿ ಹುಲ್ಲು ಬಹಳ ಬೆಳೆದಿದೆ," ಎಂದರು. ಅವರು ಕೋಟಿನ ತೋಳು ಮಡಿಸಿ ಕೂತರು. ಅವರು ಕಿತ್ತು ಜೋಡಿಸಿದಂತೆ ಆಂಟಿ ಕಟ್ಟು ಕಟ್ಟಿದರು. ಬಿಸಿಲು ಬಲಿಯುವವರೆಗೆ ನಮ್ಮ ಬ್ಲಾಕಿನ ಮನೆಮನೆಗೂ ಆ ಸೊಪ್ಪು ಬಂತು, ಮೇಡಂ ಬೆನ್ನ ಹಿಂದೆ ಆ ಮಾತಾಡಿದವರ ಮನೆಗೂ. ಒಂದು ಕಟ್ಟು ಫೂಲ್ವತಿಯ ಕೊಡದ ಬಾಯಲ್ಲಿ ಕೂತು ಹೋಗುತ್ತಿತ್ತು.

ಮುಂದಿನ ವರ್ಷ ಆ ಜಾಗ ನಿಜಕ್ಕೂ ಪಾರ್ಕ್ ಆಯಿತು. ಸೇಠಿ ಸಾಹೇಬರು ಅದನ್ನು ನೋಡಲು ಇರಲಿಲ್ಲ. ಪಕ್ಕದ ಕಟ್ಟಡ ಮುಗಿದು ತಗಡುಗಳೆಲ್ಲ ಲಾರಿ ಹತ್ತಿದವು. ಮೇಡಂ ಮೈಸೂರಿಗೆ, ತಂಗಿಯ ಮನೆಗೆ ಹೊರಟುಹೋದರು.

ನಿನ್ನೆ ಇದನ್ನೆಲ್ಲ ಮಗಳಿಗೆ ಹೇಳಿದೆ. ಆಗ ತೊಟ್ಟಿಲಲ್ಲಿದ್ದವಳು ಈಗ ಗುರುಗ್ರಾಮದಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಪೂರ್ತಿ ಕೇಳಿ, "ಅಚ್ಛಾ ಅಮ್ಮಾ, ಹೂಕೋಸು ಕಿಸ್‌ನೇ ಲಿಯಾ, ಯಾರು ಒಯ್ದದ್ದು? ಅಂಕಲ್ ಏನೂ ಒಯ್ತಾ ಇರ್ಲಿಲ್ಲ ಅಲ್ವಾ?" ಎಂದಳು. ಇಷ್ಟು ವರ್ಷ ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಅವಳ ಒತ್ತಾಯಕ್ಕೆ ಮೈಸೂರಿಗೆ ಫೋನ್ ಮಾಡಿದೆವು. ಮೇಡಂಗೆ ಈಗ ಕಿವಿ ಅಷ್ಟಾಗಿ ಕೇಳಿಸುವುದಿಲ್ಲ, ಕೂಗಿ ಹೇಳಬೇಕಾಯಿತು.

"ಹೂಕೋಸಾ? ಯಾವ ಹೂಕೋಸಮ್ಮ?" ಎಂದರು.

ನಾನು ನೆನಪು ಮಾಡಿಕೊಟ್ಟೆ. ಅವರಿಗೆ ಅದು ಬೇಕಾದಂತೆ ಕಾಣಲಿಲ್ಲ. "ಅದಿರಲಿ, ಆ ಫೂಲ್ವತಿ ಆಮೇಲೆ ಎಲ್ಲಿಗೆ ಹೋದಳು? ನಿನಗೇನಾದರೂ ಗೊತ್ತಾಯ್ತಾ? ಕೂಸು ಹುಷಾರಾಗಿತ್ತಾ?" ಎಂದು ಕೇಳಿದರು.

ಗೊತ್ತಿಲ್ಲ ಮೇಡಂ, ಎಂದು ಕೂಗಿ ಹೇಳಿದೆ. ಅವರಿಗೆ ಕೇಳಿಸಲಿಲ್ಲವೆಂದು ಕಾಣುತ್ತದೆ. ಮತ್ತೆ ಅದನ್ನೇ ಕೇಳಿದರು.