ಅವರ ಹರಕೆ, ನನ್ನ ಕಾಲು

ನಮ್ಮ ಜಗಲಿಯ ಮೇಲೆ ಇವತ್ತು ಎರಡು ಜೊತೆ ಬೂಟು ಒಣಗುತ್ತಿದ್ದವು. ಪೊಲೀಸರ ಬೂಟಲ್ಲ, ಬೆಟ್ಟ ಹತ್ತುವುದಕ್ಕೆಂದೇ ಮಾಡಿದ್ದಂತೆ. ಅಡಿಯಲ್ಲಿ ಟ್ರಾಕ್ಟರ್ ಟೈರಿನ ಹಾಗೆ ಹಲ್ಲು. ಒಳಗಿನಿಂದ ಕೊಳೆತ ಎಲೆ, ಉಪ್ಪುನೀರು, ಬೆವರು ಮೂರೂ ಸೇರಿದ ನಾತ. ಕೋಳಿ ಕೂಡ ಹತ್ತಿರ ಸುಳಿಯುತ್ತಿರಲಿಲ್ಲ. ಆ ನಾತ ಮೂಗಿಗೆ ಬಡಿದ ಕೂಡಲೇ ನನಗೆ ಮಾತ್ರ ಅಂಗಾಲು ಚುರ್ ಎಂದಿತು. ನಗಬೇಡಿ. ಮೂಗಿಗೂ ಅಂಗಾಲಿಗೂ ಏನು ನಂಟು ಅಂತ ಹೇಳುತ್ತೇನೆ, ಕುಳಿತುಕೊಳ್ಳಿ.

ಬೂಟು ನನ್ನ ಮೊಮ್ಮಗಳು ಸವಿತಾ ಮತ್ತು ಅವಳ ಗಂಡ ಕಿರಣನವು. ಅವನು ಕೊಳ್ಳೇಗಾಲದಲ್ಲಿ ಬ್ಯಾಂಕಿನ ಕೆಲಸದವನು, ಅವಳು ಹನೂರಿನಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ದಸರಾ ರಜೆಗೆ ಇಬ್ಬರೂ ಬೆನ್ನಿಗೆ ಮೂಟೆ ಕಟ್ಟಿಕೊಂಡು ಘಟ್ಟದ ಮಳೆಕಾಡಿನಲ್ಲಿ ನಡೆದು, ಆಮೇಲೆ ಗೋಕರ್ಣದ ಕಡೆ ಸಮುದ್ರದ ಬಂಡೆಗಳ ಮೇಲೆ ನಡೆದು ಬಂದಿದ್ದಾರೆ. ಬಸ್ಸು ಓಡುವ ಕಾಲದಲ್ಲಿ ದುಡ್ಡು ಕೊಟ್ಟು ನಡೆಯುವುದು ಯಾವ ಸೀಮೆಯ ಬುದ್ಧಿಯೋ ನನಗೆ ಗೊತ್ತಿಲ್ಲ. ಹೋಗಲಿ, ಅವರ ಕಾಲು, ಅವರ ದುಡ್ಡು ಎಂದು ಸುಮ್ಮನಿದ್ದೆ.

ಕಿರಣ ಫೋನಿನಲ್ಲಿ ಫೋಟೊ ತೋರಿಸಿದ. ಕಾಡಿನಲ್ಲಿ ಕಿರಣ, ಬಂಡೆಯ ಮೇಲೆ ಕಿರಣ, ಅಲೆಯ ಮುಂದೆ ಕೈ ಅಗಲಿಸಿಕೊಂಡು ಕಿರಣ. ‘ನಮ್ಮ ಹುಡುಗಿ ಎಲ್ಲಪ್ಪಾ?’ ಎಂದೆ. ‘ಫೋಟೊ ತೆಗ್ದಿದ್ದೇ ಅವಳಲ್ವಾ ಅಜ್ಜಿ’ ಎಂದ. ಕೊನೆಗೆ ಒಂದರಲ್ಲಿ ಸಿಕ್ಕಳು. ಅವನ ಹೆಗಲಿನ ಹಿಂದೆ, ದೂರದಲ್ಲಿ, ಮೆಣಸಿನ ಕಾಳಿನಷ್ಟು. ಹಾಗೆ ಫೋಟೊ ತೋರಿಸುವಾಗ ಅವಳು ನನ್ನ ಪಕ್ಕದಲ್ಲೇ ಬೋಗುಣಿಯಲ್ಲಿ ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ಹೆಬ್ಬೆರಳಿನ ಉಗುರು ನೇರಳೆಹಣ್ಣಿನ ಹಾಗೆ ಕಪ್ಪಾಗಿತ್ತು. ಹಿಮ್ಮಡಿಯ ಚರ್ಮ ಸುಲಿದಿತ್ತು.

‘ಮುಂದಿನ ತಿಂಗಳು ಇನ್ನೂ ದೊಡ್ಡ ನಡಿಗೆ ಇದೆ ಅಜ್ಜಿ. ಇಬ್ರ ಹೆಸರೂ ಕೊಟ್ಟುಬಿಟ್ಟಿದ್ದೀನಿ. ಇವಳಿಗೂ ಈಗ್ಲೇ ಗೊತ್ತಾಗ್ತಿರೋದು!’ ಎಂದು ಕಿರಣ ನಕ್ಕ.

ಸವಿತಾ ಬೋಗುಣಿಯ ನೀರನ್ನು ಬೆರಳಿನಿಂದ ಕಲಕಿದಳು. ಬಾಯಿ ಬಿಟ್ಟವರು ನಮ್ಮ ಯಜಮಾನರು. ಹಾಸಿಗೆಯ ಮೇಲಿಂದಲೇ, ‘ಒಳ್ಳೇದು ಕಣಪ್ಪ. ಗಂಡ ಎಂಡ್ರು ಒಟ್ಗೆ ನಡೀಬೇಕು. ನಾವೂ ಆವತ್ತು ಬರಿಗಾಲಲ್ಲಿ ಬೆಟ್ಟ ಅತ್ತಿ ಗೋಪಿನಾಥಂ ಗಂಟ ನಡ್ದೋರೇಯ’ ಎಂದರು.

ನಾವಂತೆ!

ಆ ನಡಿಗೆಯ ಕತೆ ಇಷ್ಟು. ನಾನು ಆಗ ಇನ್ನೂ ಕೂದಲು ಕಪ್ಪಗಿದ್ದ ಹೆಂಗಸು. ನಮ್ಮಲ್ಲಿ ಕೆಂದ ಎಂಬ ಎತ್ತೊಂದಿತ್ತು. ಅದಕ್ಕೆ ಕಾಲುಬಾಯಿ ರೋಗ ಬಂದು ಗೊರಸಿನಲ್ಲಿ ಹುಣ್ಣಾಗಿ ಕೊಟ್ಟಿಗೆಯಲ್ಲಿ ಮಲಗಿಬಿಟ್ಟಿತು. ಯಜಮಾನರು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಮಾದಪ್ಪನ ಬೆಟ್ಟದ ದಿಕ್ಕಿಗೆ ಕೈಮುಗಿದು ಹರಕೆ ಹೊತ್ತರು. ಏನೆಂದು? ಎತ್ತು ಎದ್ದು ನಿಂತರೆ ನನ್ನ ಹೆಂಡತಿ ಬರಿಗಾಲಲ್ಲಿ ನಡೆದು ಬಂದು ನಿನ್ನ ದರ್ಶನ ಮಾಡುತ್ತಾಳೆ ಎಂದು. ನಾನು ಆ ಹೊತ್ತಿಗೆ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದೆ. ಅಲ್ಲಿಂದ ಕೊಟ್ಟಿಗೆಗೆ ಕೂಗಿದರೆ ಕೇಳಿಸುವಷ್ಟು ದೂರ. ಒಂದು ಮಾತು ಕೇಳಿದ್ದರೆ ಬಾಯೇನು ಸವೆಯುತ್ತಿತ್ತೇ?

ಎತ್ತು ಎದ್ದು ನಿಂತಿತು. ಆಮೇಲೆ ನನಗೆ ಸುದ್ದಿ ಹೇಳಿದರು.

‘ಅರಕೆ ಒತ್ತೋರು ನೀವು. ನಡೆಯೋಕೆ ನನ್ ಕಾಲಾ?’ ಎಂದೆ.

‘ದ್ಯಾವ್ರಿಗೆ ಮಾತು ಕೊಟ್ಬುಟ್ಟಿವ್ನಿ ಕಣಮ್ಮಿ. ಈಗ ಇಲ್ಲ ಅನ್ನಕಾದದಾ?’

‘ನಿಮ್ ಕಾಲ್ನ ಕೊಡ್ಬೋದಾಗಿತ್ತಲ್ಲ.’

‘ನಂಗೆ ಮಂಡಿ ನೋವು.’

ಆ ಮಂಡಿ ನೋವು ಯಳಂದೂರಿನ ಸಂತೆಗೆ ಹೋಗುವಾಗ ಒಂದು ದಿನವೂ ಕಾಣಿಸಿಕೊಂಡಿದ್ದಿಲ್ಲ. ನಮ್ಮ ಕಡೆ ಗಂಡಸರು ಹೀಗೆ ಹರಕೆ ಹೊರುವುದು ಹೊಸದೇನಲ್ಲ ಬಿಡಿ. ಮಗ ಪಾಸಾದರೆ ಹೆಂಡತಿ ಉರುಳುಸೇವೆ, ಬೋರಿನಲ್ಲಿ ನೀರು ಬಂದರೆ ಹೆಂಡತಿ ಮುಡಿ. ತನ್ನ ಮೀಸೆಯ ಒಂದು ಕೂದಲನ್ನಾದರೂ ಕೊಡುತ್ತೇನೆ ಎಂದವನನ್ನು ನಾನು ಕಂಡಿಲ್ಲ. ಮಾದಪ್ಪ ಇವರನ್ನು ಏನೂ ಕೇಳಿರಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ.

ದೀಪಾವಳಿಗೆ ಮುಂಚೆ ಹೊರಟೆವು. ಹಿಂಗಾರು ಮಳೆ ಹಿಡಿದಿತ್ತು. ಬುತ್ತಿಯ ಗಂಟು ನನ್ನ ತಲೆಯ ಮೇಲೆ, ಕೋಲು ಅವರ ಕೈಯಲ್ಲಿ. ಅವರ ಕಾಲಿನಲ್ಲಿ ಹೊಸ ಟೈರಿನ ಚಪ್ಪಲಿ, ಏಕೆಂದರೆ ಹರಕೆ ನನ್ನದಲ್ಲವೇ! ನನ್ನ ಚಪ್ಪಲಿಯನ್ನು ಗಂಟಿನಲ್ಲಿ ಇಟ್ಟುಕೊಳ್ಳುತ್ತೇನೆ ಎಂದರೆ ಬೈದರು. ‘ಅರಕೆ ತೀರ್ಸಕೆ ಓಗೋರು ಎಕ್ಕಡ ಕಟ್ಕಂಡು ಓದಾರಾ? ನೋಡ್ದೋರು ಏನಂದಾರು?’

ಹನೂರು ದಾಟಿ ಕಾಡು ಶುರುವಾಯಿತು. ಅವರು ಮುಂದೆ, ನಾನು ಹಿಂದೆ. ಯಾಕೆ ಯಾವಾಗಲೂ ಮುಂದೆ ಎಂದು ಕೇಳಿದರೆ, ಆನೆ ಬಂದರೆ ಮೊದಲು ತಾನು ಸಿಗಲಿ ಅಂತ ಎಂದರು. ಹಿಂದಿನಿಂದ ಬಂದರೆ? ನೆನೆದ ಎಲೆಗಳು ಕೊಳೆತು ದಾರಿಯೆಲ್ಲ ಜಾರುತ್ತಿತ್ತು. ಇವತ್ತು ಬೂಟಿನಿಂದ ಬಂದದ್ದು ಅದೇ ನಾತ. ಎಲೆಯ ಕೆಳಗೆ ಚೂಪುಗಲ್ಲು, ಕಲ್ಲಿನ ಪಕ್ಕ ಮುಳ್ಳು. ನಾನು ಕೂತು ಮುಳ್ಳು ಕಿತ್ತುಕೊಂಡು ಏಳುವಷ್ಟರಲ್ಲಿ ಅವರು ತಿರುವು ದಾಟಿರುತ್ತಿದ್ದರು. ಕಾಡು ಚೆನ್ನಾಗಿತ್ತೇ ಎಂದು ಸವಿತಾ ಒಮ್ಮೆ ಕೇಳಿದ್ದಳು. ನನಗೇನು ಗೊತ್ತು? ನಾನು ನೋಡಿದ್ದು ನನ್ನ ಕಾಲು ಇಡುವ ಜಾಗ ಮತ್ತು ಅವರ ಬೆನ್ನು.

ದಾರಿಯಲ್ಲಿ ಸಿಕ್ಕ ಭಕ್ತರೆಲ್ಲ ‘ಎಂಥ ಪುಣ್ಯವಂತೆ’ ಎಂದು ನನಗೆ ಕೈಮುಗಿದರು. ‘ಎಂಡ್ತೀನ ಕರ್ಕಂಡು ಬಂದಿದ್ದೀರಲ್ಲ ಸ್ವಾಮಿ, ದೊಡ್ಡೋರು ನೀವು’ ಎಂದು ಇವರನ್ನೂ ಹೊಗಳಿದರು. ಇವರು ಎದೆ ಉಬ್ಬಿಸಿಕೊಂಡು ಇನ್ನೂ ಬೇಗ ನಡೆದರು. ಹೊಗಳುವವರಿಗೇನು ಗೊತ್ತು, ಅವರ ಹೊಗಳಿಕೆಯಿಂದ ನನಗೆ ಇನ್ನಷ್ಟು ಓಟ ಬಿತ್ತು.

ಬೆಟ್ಟ ಹತ್ತಿ ದರ್ಶನ ಮಾಡಿದೆವು. ಹರಕೆ ತೀರಿತು. ಬಸ್ಸು ಹತ್ತಿ ಮನೆಗೆ ಹೋಗುತ್ತೇವೆ ಎಂದುಕೊಂಡು ನಾನು ಮೆಟ್ಟಿಲ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದರೆ, ‘ಇಲ್ಲಿಗಂಟ ಬಂದಿವಿ, ಗೋಪಿನಾಥಂಗೆ ಓಗಿ ತಂಗೀನ ಮಾತಾಡಿಸ್ಕಂಡು ಬರುವ’ ಎಂದರು. ಆ ಕಡೆಗೆ ಇದ್ದ ಒಂದು ಬಸ್ಸೂ ಹೋಗಿಯಾಗಿತ್ತು. ಮತ್ತೆ ಕಾಡು, ಮತ್ತೆ ನಡಿಗೆ. ಬೆಟ್ಟದ ಅಂಗಡಿಯಲ್ಲಿ ಹವಾಯಿ ಚಪ್ಪಲಿ ನೇತಾಡುತ್ತಿದ್ದವು. ತೋರಿಸಿದೆ.

‘ಮನೇಲಿ ಒಂದು ಜೊತೆ ಅದಲ್ಲ, ಇಲ್ಯಾಕೆ ಇನ್ನೊಂದು?’ ಎಂದರು.

ದೇವರಿಗೆ ಕೊಟ್ಟ ಮಾತು ಬೆಟ್ಟದ ಮೇಲೆ ಮುಗಿದಿತ್ತು, ನೋಡಿ. ಅಲ್ಲಿಂದಾಚೆ ನಾನು ನಡೆದದ್ದು ಯಾವ ದೇವರಿಗೂ ಅಲ್ಲ.

ಗೋಪಿನಾಥಂ ಹತ್ತಿರ ಕಾವೇರಿ ಬಂಡೆಗಳ ನಡುವೆ ಹರಿಯುತ್ತದೆ. ಕಪ್ಪು ಬಂಡೆ, ಕೊರೆದು ಕೊರೆದು ಹರಿತವಾದ ಅಂಚು. ಕಿರಣನ ಫೋನಿನ ಸಮುದ್ರದ ಬಂಡೆಗಳೂ ಹಾಗೇ ಇದ್ದವು. ಆವತ್ತು ಮಳೆ ಬಿಟ್ಟು ಬಿಸಿಲು ಬಂದು ಬಂಡೆ ಕಾದ ಹೆಂಚಾಗಿತ್ತು. ನಾದಿನಿಯ ಮನೆ ಅದರಾಚೆ. ನನ್ನಿಂದ ಆಗಲಿಲ್ಲ. ಒಂದು ಬಂಡೆಯ ಮೇಲೆ ಕೂತು ಎರಡೂ ಕಾಲನ್ನು ನೀರಿಗೆ ಇಳಿಬಿಟ್ಟೆ. ತಣ್ಣಗಿತ್ತು. ಹೊರಟಾಗಿನಿಂದ ನನ್ನದು ಎನ್ನುವುದು ಏನಾದರೂ ಸಿಕ್ಕಿದ್ದರೆ ಅದೊಂದೇ. ಇನ್ನೂ ಸ್ವಲ್ಪ ಹೊತ್ತು ಕೂತಿದ್ದರೆ ನದಿ ಬತ್ತುತ್ತಿರಲಿಲ್ಲ.

ಯಜಮಾನರು ವಾಪಸು ಬಂದು ತಲೆಯ ಮೇಲೆ ನಿಂತರು. ‘ಮುಗೀತಲ್ಲ, ಏಳಮ್ಮಿ ಮ್ಯಾಕೆ’ ಎಂದರು.

ನಾನು ಎದ್ದೆ.

ನಾದಿನಿ ನನ್ನ ಕಾಲು ನೋಡಿ ಬಾಯಿಬಾಯಿ ಬಡಿದುಕೊಂಡಳು. ಗಡಿಯಲ್ಲಿದ್ದು ತಮಿಳು ಬೆರೆತ ಬಾಯಿ ಅವಳದು, ಅತ್ತಿಗೆಗೆ ಅಣ್ಣಿ ಎನ್ನುತ್ತಾಳೆ. ‘ಅಯ್ಯಯ್ಯೋ ಅಣ್ಣೀ, ಕಾಲ್ನ ಏನ್ ಮಾಡ್ಕಂಡೆ?’ ಎಂದಳು. ನಾನೇ ಮಾಡಿಕೊಂಡಂತೆ! ಆವತ್ತು ಮುರಿದ ಮುಳ್ಳಿನ ತುದಿ ಬಲಗಾಲಿನ ಹಿಮ್ಮಡಿಯಲ್ಲಿ ಇವತ್ತಿಗೂ ಕಪ್ಪು ಚುಕ್ಕಿಯಾಗಿ ಕೂತಿದೆ. ಮಳೆಗಾಲದಲ್ಲಿ ನೋಯುತ್ತದೆ. ಎತ್ತಿನ ಕಾಲೇನೋ ವಾಸಿಯಾಯಿತು. ಮುಂದಿನ ವರ್ಷವೇ ಒಳ್ಳೆಯ ಬೆಲೆ ಬಂತೆಂದು ಅದನ್ನು ಮಾರಿದರು.

ಇದಿಷ್ಟನ್ನೂ ಇವತ್ತು ಜಗಲಿಯ ಮೇಲೆ ಕಿರಣನ ಮುಖಕ್ಕೆ ಹೇಳಿದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆಲ್ಲ ‘ಮಾದಪ್ಪ ನಡೆಸ್ದ’ ಎನ್ನುತ್ತಿದ್ದೆ.

‘ಈಗ್ಯಾಕಮ್ಮಿ ಅಳೇದೆಲ್ಲ?’ ಎಂದು ಯಜಮಾನರು ಗೊಣಗಿದರು.

‘ಅಳೇದಾ? ಕಾಲು ಅದೇ ಕಣ್ರಿ, ಬದ್ಲಾಯಿಸಿಲ್ಲ ನಾನು’ ಎಂದೆ. ಕಿರಣನ ಕಡೆ ತಿರುಗಿ, ‘ಎಸ್ರು ಕೊಡೋಕೆ ಮುಂಚೆ ಇವಳ್ನ ಕೇಳ್ದೇನಪ್ಪಾ?’ ಎಂದೆ.

‘ಅಯ್ಯೋ ಅಜ್ಜಿ, ಸರ್‌ಪ್ರೈಸ್ ಅದು. ಪ್ರೀತಿಯಿಂದ ಮಾಡಿದ್ದು.’

‘ನಮ್ ಯಜಮಾನ್ರೂ ಭಕ್ತಿಯಿಂದ್ಲೇ ಮಾಡಿದ್ರು ಕಣಪ್ಪ.’

ಅವನ ಕಿವಿ ಕೆಂಪಾಯಿತು. ಕೆಟ್ಟ ಹುಡುಗ ಅಲ್ಲ. ಇವರೂ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡುವುದು ಸುಲಭವಾಗಿತ್ತು. ಅವನು ಹೋಗಿ ಒದ್ದೆ ಬೂಟಿಗೇ ಕಾಲು ತೂರಿಸಿ, ದಾರ ಬಿಗಿದು, ಬೈಕಿನ ಕೀಲಿ ಹಿಡಿದು ನಿಂತ.

‘ಸರಿ ಸವಿ, ಹೊತ್ತಾಯ್ತು. ಏಳು, ಹೋಗೋಣ.’

ಸವಿತಾ ಬೋಗುಣಿಯಲ್ಲಿದ್ದ ತನ್ನ ಕಾಲನ್ನು ನೋಡಿದಳು. ಆ ಕಪ್ಪು ಉಗುರನ್ನು ನೋಡಿದಳು.

‘ನೀವು ಹೋಗಿ. ನಾನು ನಾಳೆ ಇಲ್ಲಿಂದ್ಲೇ ಬಸ್ಸಲ್ಲಿ ಸ್ಕೂಲಿಗೆ ಹೋಗ್ತೀನಿ. ಮುಂದಿನ ತಿಂಗಳದ್ರಲ್ಲಿ ನನ್ನ ಹೆಸರು ತೆಗೆಸಿಬಿಡಿ’ ಎಂದಳು. ದನಿ ಏರಿಸಲಿಲ್ಲ. ಏಳಲೂ ಇಲ್ಲ.

ಅವನು ಪಚಪಚ ಸದ್ದು ಮಾಡುತ್ತ ಇಳಿದು ಹೋದ. ಜಗಲಿಯ ಮೇಲೆ ಒಂದು ಜೊತೆ ಬೂಟು ಉಳಿಯಿತು.

ನಾನು ಒಲೆಯ ಮೇಲಿದ್ದ ಬಿಸಿನೀರು ತಂದು ಬೋಗುಣಿಗೆ ಸುರಿದೆ, ಹಿಡಿ ಉಪ್ಪು ಹಾಕಿದೆ, ಸೀರೆ ಎತ್ತಿ ಕಟ್ಟಿ ಅವಳೆದುರಿಗೆ ಕೂತು ನನ್ನ ಕಾಲನ್ನೂ ಇಳಿಬಿಟ್ಟೆ. ‘ಸರ್ಕೊಳ್ಳೇ, ಜಾಗ ಬುಡು’ ಎಂದೆ. ನಾಲ್ಕು ಕಾಲಿಗೆ ಆ ಬೋಗುಣಿ ಸಾಲದು. ನೀರು ಜಗಲಿಯ ಮೇಲೆಲ್ಲ ಚೆಲ್ಲಿತು.

‘ಅಮ್ಮೀ, ಕಾಪಿ’ ಎಂದು ಯಜಮಾನರು ಕೂಗಿದರು. ಮತ್ತೊಮ್ಮೆ ಕೂಗಿದರು.

ನೀರು ಹದವಾಗಿ ಬಿಸಿಯಾಗಿತ್ತು. ನಾನೂ ಏಳಲಿಲ್ಲ.