ಕೂತವಳ ಅಳತೆ

ಕೌಲ್ ಬಜಾರಿನ ಹೆಂಗಸರು ಪೊಲೀಸರಿಗೂ ಹೆದರುವುದಿಲ್ಲ, ಪಾಲಿಕೆಯವರಿಗೂ ಹೆದರುವುದಿಲ್ಲ. ಹೊನ್ನೂರಬಿ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರೆ ಮಾತ್ರ ಸರಕ್ಕನೆ ಒಳಗೆ ಹೋಗಿಬಿಡುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಆ ಭಾಗದಲ್ಲಿ ತೀರಿಕೊಂಡ ಮುಸ್ಲಿಂ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸಿ, ಹೆಣಕ್ಕೆ ಹೊದಿಸುವ ಕಫನ್ ಬಟ್ಟೆ ಕತ್ತರಿಸಿ ತೊಡಿಸುವವಳು ಅವಳೇ. ಅದಕ್ಕೆ ಕಾಸು ಮುಟ್ಟುವುದಿಲ್ಲ. ಹೊಟ್ಟೆಪಾಡಿಗೆ ಮನೆಯಲ್ಲೇ ಮಷೀನು ಇಟ್ಟುಕೊಂಡು ಜೀನ್ಸ್ ಪ್ಯಾಂಟುಗಳಿಗೆ ಜೇಬು ಹೊಲಿಯುತ್ತಾಳೆ. ಸತ್ತವರಿಗೆ ಜೇಬಿಲ್ಲದ ಬಟ್ಟೆ, ಬದುಕಿದವರಿಗೆ ಬರೀ ಜೇಬು. "ಆಕಿ ಅಳತಿ ಅಂದ್ರ ಮನಿಯಾಗ ಅಳುನ" ಎಂದು ಓಣಿಯವರು ಆಡಿಕೊಳ್ಳುವುದು ಅವಳಿಗೂ ಗೊತ್ತು. ಕೇಳಿ ನಕ್ಕಿದ್ದಾಳೆ.

ನಗಲಾಗದ ಸಂಗತಿ ಬೇರೆಯೇ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ನಾಯಿಗಳೂ ಮೋರಿಗಿಳಿದು ಮಲಗುವ ಬೇಸಿಗೆಯ ಮಧ್ಯಾಹ್ನದಲ್ಲಿ ಗೋಡೆಗೆ ಮುಖ ಮಾಡಿ ಅಡ್ಡಾದರೆ, ಒಮ್ಮೊಮ್ಮೆ ಅವಳ ಬಲಗೈ ತಾನಾಗಿಯೇ ಎದ್ದು ಗೋಡೆಯನ್ನು ಗೇಣು ಹಾಕುತ್ತಿತ್ತು. ಒಂದು ಸಲ ಏಳು ಗೇಣಿಗೆ ನಿಂತಿತು. ಸಂಜೆಗೆ ಹಿಂದಿನ ಓಣಿಯಿಂದ ಕರೆ ಬಂತು, ಏಳು ಗೇಣಿನ ಹೆಂಗಸು. ಇನ್ನೊಮ್ಮೆ ಆರೂಕಾಲು. ಅದೂ ಬೆರಳಿನಷ್ಟೂ ತಪ್ಪಲಿಲ್ಲ.

ಈ ಏಪ್ರಿಲ್‌ನಲ್ಲಿ ಕೈ ನಾಲ್ಕೂವರೆ ಗೇಣಿಗೆ ನಿಂತುಬಿಟ್ಟಿತು. ಐದು ವರ್ಷದ ಮಗುವಿನ ಉದ್ದ. ಮೂರು ದಿನ ಹೊನ್ನೂರಬಿ ಓಣಿಯ ಮಕ್ಕಳ ಕಡೆ ಕಣ್ಣೆತ್ತಲಿಲ್ಲ. ಕರೆ ಬರಲಿಲ್ಲ.

ನಾಲ್ಕನೆಯ ದಿನ ಆಟೋ ಬಂತು. ಇಳಿದದ್ದು ಸಿರುಗುಪ್ಪದ ಮಾಬುನ್ನಿ, ಅವಳ ಇಪ್ಪತ್ನಾಲ್ಕರ ಮಗಳು ಅರ್ಷಿಯಾ, ಮತ್ತೆ ಒಂದು ಗಾಲಿ ಕುರ್ಚಿ. ಮಾಳಿಗೆ ಮೇಲೆ ಮೆಣಸಿನಕಾಯಿ ಹರಡಲು ಹೋಗಿ ಬಿದ್ದಾಗಿನಿಂದ, ಎಂಟು ವರ್ಷಗಳಿಂದ, ಅರ್ಷಿಯಾಳಿಗೆ ಕುರ್ಚಿಯೇ ಕಾಲು. ಹೋದ ವರ್ಷ ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ಬುರ್ಖಾದ ಅಂಚು ಗಾಲಿಗೆ ಸುತ್ತಿಕೊಂಡು ಕುತ್ತಿಗೆ ಬಿಗಿದಿತ್ತು. ಹೂವಿನವಳು ಕತ್ತರಿ ಹಾಕಿ ಉಳಿಸಿದ್ದಳು. ಅಂದಿನಿಂದ ತಾಯಿ ಬಾಗಿಲು ದಾಟಿಸಿರಲಿಲ್ಲ. ಈಗ ಕುರುಗೋಡಿನ ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಸಿಕ್ಕಿದೆ. ಸೋಮವಾರ ಹೋಗದಿದ್ದರೆ ಅದು ಬೇರೆಯವರ ಪಾಲು.

"ಆಪಾ, ನೀವು ಮನಿಯಾಗ ಹೊಲೀತೀರಿ ಅಂತ ಕೇಳಿ ಬಂದೀವಿ. ದರ್ಜಿಗಳೆಲ್ಲ ಇಕಿನ್ನ ಎತ್ತಿ ನಿಂದ್ರಸ್ರಿ ಅಂತಾರ" ಎಂದಳು ಮಾಬುನ್ನಿ. "ನಿಂತ ಅಳತಿ ತಗದು ಹೊಲದ್ರ, ಕುಂತಾಗ ಮುಂದ ಮೊಳಕಾಲಿಗೆ ಏರತೈತಿ, ಹಿಂದ ಗಾಲಿಗೆ ಬೀಳತೈತಿ. ಆನ್‌ಲೈನ್‌ನ್ಯಾಗ ನಾಕ್ ಸಾವಿರ ಅಂತಾರ. ನಾವ್ ಎಲ್ಲಿಂದ ತರೂಣು?"

"ಬುರ್ಖಾ ಇಲ್ದ ನಾ ಹೋಗಂಗಿಲ್ಲ ಖಾಲಾ. ಉಸ್ರು ಇಲ್ದನೂ ಹೋಗಂಗಿಲ್ಲ" ಎಂದಳು ಅರ್ಷಿಯಾ. "ಗಾಲಿ ಕುರ್ಚಿ ಖಾಲಿ ಕುರ್ಚಿ ಆಗದಂಗ ಹೊಲದ್ರ ಸಾಕು."

ಏಳಲಾಗದವರಿಗೆ ಎತ್ತದೆಯೇ ಬಟ್ಟೆ ತೊಡಿಸುವುದು ಹೇಗೆಂದು ಊರಿನ ದರ್ಜಿಗಳಿಗೆ ಗೊತ್ತಿರಲಿಲ್ಲ. ಹೊನ್ನೂರಬಿಗೆ ಗೊತ್ತಿತ್ತು. ಕುತ್ತಿಗೆಯ ಹತ್ತಿರ ಸೀಳಿ, ತಲೆಯಿಂದ ಇಳಿಸಿ, ಪಕ್ಕಗಳನ್ನು ಒಂದರ ಮೇಲೊಂದು ಮಡಚುವುದು. ಅದನ್ನೇ ಅವಳು ಇಪ್ಪತ್ತೆರಡು ವರ್ಷ ಮಾಡಿದ್ದಳು. ರೂಢಿಯಂತೆ ಟೇಪು ಹುಡುಕದೆ ಕೈಯನ್ನೇ ಚಾಚಿದಳು. ಕೂತವಳ ಭುಜದಿಂದ ಪಾದದ ಹಲಗೆಯವರೆಗೆ ಒಂದು, ಎರಡು, ಮೂರು, ನಾಲ್ಕು. ಅರ್ಧ.

ಕೈ ಅಂದು ಗೋಡೆಯ ಮೇಲೆ ನಿಂತ ಹಾಗೆಯೇ ನಿಂತಿತು.

"ಆಗಂಗಿಲ್ಲ, ಹೋಗ್ರಿ" ಎಂದಳು ಹೊನ್ನೂರಬಿ. ಯಾಕೆಂದು ತಾಯಿ ಪಟ್ಟು ಹಿಡಿದಾಗ ಬಾಯಿ ಬಿಡಲೇಬೇಕಾಯಿತು: ತನ್ನ ಇನ್ನೊಂದು ಕಸುಬು, ಗೋಡೆ, ನಾಲ್ಕೂವರೆ ಗೇಣು.

"ತೌಬಾ! ತೌಬಾ! ನಡಿಲೇ" ಎನ್ನುತ್ತ ಮಾಬುನ್ನಿ ಕುರ್ಚಿ ತಿರುಗಿಸಹೋದಳು. ಅದು ಅಲ್ಲಾಡಲಿಲ್ಲ. ಅರ್ಷಿಯಾ ಬ್ರೇಕು ಹಾಕಿಕೊಂಡಿದ್ದಳು.

"ಎಂಟು ವರ್ಸ ಆತು ಖಾಲಾ, ನಾಕ್ ಮಂದಿ ನನ್ನ ಹೊತ್ಕೊಂಡೇ ತಿರುಗ್ಯಾರ. ಅದಕ್ಕ ಅಂಜಬೇಕಂದ್ರ ಯಾವಾಗೋ ಅಂಜತಿದ್ದೆ. ಸೋಮವಾರಕ್ಕ ನಾನ ಉಳ್ಳಿಕೊಂಡು ಹೋಗಬೇಕು. ಕತ್ತರಿ ತಗೀರಿ."

ಹೊನ್ನೂರಬಿ ಕತ್ತರಿ ತೆಗೆದಳು. ಕಪ್ಪು ಬಟ್ಟೆಯ ಮುಂಭಾಗ ಪಾದ ಮುಚ್ಚುವಷ್ಟು, ಹಿಂಭಾಗ ಆಸನಕ್ಕೇ ಮುಗಿಯುವಷ್ಟು. ಭುಜಕ್ಕೆ ಟಿಚ್ ಬಟನ್, ಮುಂಗೈಗೆ ಎಲಾಸ್ಟಿಕ್. ಕಫನಿಗೆ ಮಷೀನಿನ ಹೊಲಿಗೆ ಬೀಳುವುದಿಲ್ಲವೆಂದು ಬೇಕೆಂದೇ ಜೀನ್ಸ್ ದಾರದಲ್ಲಿ ಎರಡೆರಡು ಸಾಲು ಓಡಿಸಿದಳು. ತೊಡೆಯ ಮೇಲೆ ಎರಡು ದೊಡ್ಡ ಜೇಬು ಇಟ್ಟಳು. ಯಾವ ಮಣ್ಣೂ ತನ್ನದೆನ್ನಲಾರದ ಬಟ್ಟೆ ಅದಾಗಬೇಕಿತ್ತು.

ಆದರೂ ಹುಡುಗಿಗೆ ಮೊದಲು ತೊಡಿಸಲು ಧೈರ್ಯ ಬರಲಿಲ್ಲ. ಶನಿವಾರ ಅವರು ಮತ್ತೆ ಬಂದಾಗ ಅರ್ಷಿಯಾಳನ್ನು ಮಂಚಕ್ಕೆ ಸರಿಸಿ, ಬುರ್ಖಾ ತಾನು ತೊಟ್ಟು, ಕುರ್ಚಿಯಲ್ಲಿ ತಾನು ಕೂತಳು. ಭುಜದಿಂದ ಹಲಗೆಗೆ ಗೇಣು ಹಾಕಿದಳು. ತನ್ನದೂ ನಾಲ್ಕೂವರೆ. ಹಾಗಾದರೆ ಗೋಡೆ ಕೇಳಿದ್ದು ಯಾರನ್ನು?

ಓಣಿಯ ಇಳಿಜಾರಿನಲ್ಲಿ ಗಾಲಿ ಬಿಟ್ಟಳು. ಉರಿಬಿಸಿಲು. ಮುಖ ಮುಚ್ಚಿದ ಕಪ್ಪು ಆಕೃತಿಯೊಂದು ತಳ್ಳುವವರಿಲ್ಲದೆ ಉರುಳಿ ಬರುವುದನ್ನು ಕಂಡು ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ತಿರುವಿನ ಹತ್ತಿರ ಹಿಂದಿನಿಂದ ಯಾರೋ ಕುತ್ತಿಗೆಯನ್ನು ಮೆಲ್ಲಗೆ ಜಗ್ಗಿದಂತಾಯಿತು. ಗಾಲಿಯನ್ನು ಅಂಗೈಯಲ್ಲಿ ಗಟ್ಟಿಯಾಗಿ ಹಿಡಿದು ನಿಲ್ಲಿಸಿ ತಿರುಗಿದಳು. ಯಾರೂ ಇಲ್ಲ. ಬಟ್ಟೆ ಗಾಲಿಯಿಂದ ಒಂದು ಗೇಣು ದೂರವೇ ಇತ್ತು. ಮನೆಗೆ ಬಂದವಳೇ ಹಿಂಭಾಗವನ್ನು ಇನ್ನೂ ನಾಲ್ಕು ಬೆರಳು ಕತ್ತರಿಸಿ, ಬಟ್ಟೆಯ ದುಡ್ಡು ಮತ್ತು ಎರಡು ಜೇಬಿನ ಕೂಲಿ ಮಾತ್ರ ತಗೊಂಡು ಕೊಟ್ಟಳು.

"ಶಾಲಿ ಮುಟ್ಟಿದ ಕೂಡ್ಲೇ ಫೋನ್ ಹಚ್ಚು ಬೇಟಿ" ಎಂದಳು.

ಸೋಮವಾರ ಹತ್ತಾಯಿತು, ಹನ್ನೊಂದಾಯಿತು. ಫೋನಿಲ್ಲ. ಹನ್ನೆರಡಕ್ಕೆ ಬಲಗೈ ಮಿಸುಕತೊಡಗಿತು. ಹೊನ್ನೂರಬಿ ಅದನ್ನು ತೊಡೆಯ ಕೆಳಗೆ ತುರುಕಿ ಮೈಭಾರವನ್ನೆಲ್ಲ ಹಾಕಿ ಕೂತಳು. ಕೆಳಗೆ ಬೆರಳುಗಳು ಚಾಚಿದವು, ಮುದುಡಿದವು, ಮತ್ತೆ ಚಾಚಿದವು. ಎಣಿಸಬಾರದೆಂದು ಜೋರಾಗಿ ಕಲ್ಮಾ ಹೇಳಿಕೊಂಡಳು.

ಒಂದೂಕಾಲಿಗೆ ಫೋನು ಹೊಡೆದುಕೊಂಡಿತು. ಎಡಗೈಯಲ್ಲೇ ಎತ್ತಿದಳು.

"ಖಾಲಾ, ಕ್ಲಾಸಿನ್ಯಾಗಿದ್ದೆ! ಮುಂಜಾನಿನ ಮುಟ್ಟೀನಿ. ಅಮ್ಮಿ ಗೇಟಿನತನಾ ಬಂದ್ಲು, ಮುಂದ ನಾನ ಹೋದೆ. ಗಾಲಿಗೆ ಒಂದ್ ಎಳಿನೂ ಸಿಗಲಿಲ್ಲ." ಉಸಿರು ತೆಗೆದುಕೊಂಡು ಮುಂದುವರಿಸಿದಳು: "ಇಲ್ಲೊಬ್ಬಾಕಿ ಅದಾಳ, ನನ್ನಂಗ ಕುರ್ಚಿಯಾಕಿ. ಆಕಿಗೂ ಇಂಥದ್ದ ಬೇಕಂತ. ಅಳತಿ ಹೇಳಲೇನ್ರಿ?"

"ಬ್ಯಾಡ!" ಹೊನ್ನೂರಬಿ ಕಿರುಚಿದಳು. "ಹೇಳಬ್ಯಾಡ. ಆಕಿನ್ನ ಇಲ್ಲೇ ಕರಕೊಂಡ್ ಬಾ. ಟೇಪ್ ತಗೊಂಡಿರ್ತೀನಿ."

ಫೋನಿಟ್ಟು ಕೈಯನ್ನು ಹೊರಗೆಳೆದಳು. ಪೂರ್ತಿ ಜೋಮು ಹಿಡಿದು ಬೇರೆ ಯಾರದೋ ಕೈಯಂತೆ ಮಡಿಲಲ್ಲಿ ಬಿದ್ದಿತ್ತು.